ರಾತ್ರಿ ಒಂದೂವರೆಗೆ ಯಾವ ಆಸ್ಪತ್ರೆ?

ಕೇಳುಗರೆಲ್ಲರಿಗೂ ನಮಸ್ಕಾರ.

2009ರ ಜನವರಿ. ರಾತ್ರಿ ಒಂದೂವರೆ ಗಂಟೆ. ನಮ್ಮಪ್ಪ ಹಾಸಿಗೆಯ ಮೇಲೆ ಎದ್ದು ಕೂತು ಎದೆ ಉಜ್ಜಿಕೊಳ್ಳುತ್ತಿದ್ದರು. ಗ್ಯಾಸ್ಟ್ರಿಕ್ ಇರಬೇಕು ಅಂತ ಅಮ್ಮ ಜೀರಿಗೆ ಕಷಾಯ ಕಾಸಿಕೊಟ್ಟರು. ಅಪ್ಪನ ಬನಿಯನ್ ಮುಟ್ಟಿ ನೋಡಿದೆ, ತೊಯ್ದು ಹೋಗಿತ್ತು. ಅಂಥ ಚಳಿಯಲ್ಲಿ ಬೆವರು. ನನಗೆ ಕೈಕಾಲು ನಡುಗಿತು.

ನಮ್ಮ ತಾಲೂಕು ಆಸ್ಪತ್ರೆ ಮನೆಯಿಂದ ಎರಡು ಕಿಲೋಮೀಟರ್ ದೂರ. 108 ಆಂಬುಲೆನ್ಸ್ ರಾಜ್ಯದಲ್ಲಿ ಶುರುವಾಗಿ ಆಗಿನ್ನೂ ಎರಡು ತಿಂಗಳು. ಆ ಗಾಬರಿಯಲ್ಲಿ ಅದು ನೆನಪಿಗೇ ಬರಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಹೋದೆವು. ಡ್ಯೂಟಿ ಡಾಕ್ಟರು ಇರಲಿಲ್ಲ. ಇಸಿಜಿ ಯಂತ್ರ ಇತ್ತು, ಅದಕ್ಕೆ ಹಾಕುವ ಪೇಪರ್ ರೋಲ್ ಮುಗಿದಿತ್ತು. ಇದ್ದವರು ಒಬ್ಬರೇ ಸಿಸ್ಟರ್. ಅವರು ಅಪ್ಪನಿಗೆ ಒಂದು ಮಾತ್ರೆ ಅಗಿಯಲು ಕೊಟ್ಟು, "ಇಲ್ಲಿ ಇಟ್ಕೋಬೇಡಿ ಸಾರ್, ಬೇಗ ಸಿಟಿಗೆ ಕರ್ಕೊಂಡು ಹೋಗಿ" ಅಂದರು.

ಸಿಟಿಯ ಖಾಸಗಿ ಆಸ್ಪತ್ರೆ ತಲುಪಿದಾಗ ನಾಲ್ಕು ಗಂಟೆ ಹತ್ತಿರ. ಕೌಂಟರಿನಲ್ಲಿ ಐವತ್ತು ಸಾವಿರ ಅಡ್ವಾನ್ಸ್ ಕೇಳಿದರು. ನನ್ನ ಹತ್ತಿರ ಇದ್ದದ್ದು ಎಂಟು ಸಾವಿರ. ಕಾರಿನವರು ಯಾರ್ಯಾರಿಗೋ ಫೋನ್ ಮಾಡಿ ದುಡ್ಡು ಹೊಂದಿಸಿದರು. ಒಳಗಿದ್ದ ಡಾಕ್ಟರು ಮಾತ್ರ ದೇವರಂಥವರು. ಅಪ್ಪನಿಗೆ ಸ್ಟೆಂಟ್ ಹಾಕಿದರು. ಅಪ್ಪ ಇನ್ನೂ ಒಂಬತ್ತು ವರ್ಷ ಬದುಕಿದರು, ಮೊಮ್ಮಗಳನ್ನು ಎತ್ತಿ ಆಡಿಸಿದರು. ಅಮ್ಮನ ಎರಡೆಳೆ ಸರ ಬ್ಯಾಂಕಿನಲ್ಲಿ ಅಡ ಹೋಯಿತು. ಅದನ್ನು ಬಿಡಿಸಿಕೊಳ್ಳಲು ನನಗೆ ನಾಲ್ಕು ವರ್ಷ ಬೇಕಾಯಿತು.

ಹಾಗಾಗಿ ಸರ್ಕಾರಿ ಒಳ್ಳೆಯದು, ಖಾಸಗಿ ಕೆಟ್ಟದ್ದು ಅಂತ ನಾನು ಹೇಳಲಾರೆ. ಅಪ್ಪನನ್ನು ಉಳಿಸಿದ್ದು ಖಾಸಗಿ ಆಸ್ಪತ್ರೆ. ಆದರೆ ಇಷ್ಟು ವರ್ಷ ನನ್ನ ಮನಸ್ಸಿನಲ್ಲಿ ಉಳಿದದ್ದು ಆ ಬಿಲ್ ಅಲ್ಲ, ಆ ಪೇಪರ್ ರೋಲ್. ಕೆಲವು ರೂಪಾಯಿಯ ಕಾಗದ. ಅದು ಯಾಕೆ ಇರಲಿಲ್ಲ? ಇವತ್ತಿನ ನನ್ನ ಮಾತೆಲ್ಲ ಅದರ ಸುತ್ತಲೇ.

ಸರ್ಕಾರಿ ಆಸ್ಪತ್ರೆ ಬಡವರಿಗಾಗಿ ಇರುವ ಜಾಗ ಅಂತ ನಾವು ಸುಮ್ನೆ ಅಂದುಕೊಂಡುಬಿಟ್ಟಿದ್ದೇವೆ. ಶುರುವಿನಲ್ಲಿ ಹಾಗಿರಲಿಲ್ಲ. 1943ರಲ್ಲಿ, ಸ್ವಾತಂತ್ರ್ಯ ಬರುವ ಮುಂಚೆಯೇ, ಸರ್ ಜೋಸೆಫ್ ಭೋರ್ ಅವರ ಸಮಿತಿ ನೇಮಕವಾಯಿತು. 1946ರಲ್ಲಿ ವರದಿ ಕೊಟ್ಟಿತು. ದುಡ್ಡು ಕೊಡಲಾರದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂಬುದು ಆ ವರದಿಯ ತಿರುಳು. ಹಳ್ಳಿಯ ಆರೋಗ್ಯ ಕೇಂದ್ರಗಳ ಕಲ್ಪನೆ ಬಂದದ್ದೂ ಅಲ್ಲಿಂದಲೇ. ಬಯಲು ಸೀಮೆಯಲ್ಲಿ 30,000 ಜನರಿಗೆ, ಮಲೆನಾಡಿನಂಥ ಕಡೆ 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇರಬೇಕು ಎನ್ನುವುದು ಇವತ್ತಿನ ಲೆಕ್ಕ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲೇ ಬಾಗಿಲು ತೆರೆದಿತ್ತು. ನಮ್ಮ ಅಜ್ಜಿಯ ಕಾಲದಲ್ಲಿ 'ದೊಡ್ಡಾಸ್ಪತ್ರೆ' ಎಂದರೆ ಸರ್ಕಾರಿ ಆಸ್ಪತ್ರೆಯೇ. ಶಾನುಭೋಗರೂ ಅಲ್ಲೇ, ಕೂಲಿಯವರೂ ಅಲ್ಲೇ.

ಆಮೇಲೆ ನರ್ಸಿಂಗ್ ಹೋಮ್‌ಗಳು ಬಂದವು. ಕೈಯಲ್ಲಿ ನಾಲ್ಕು ಕಾಸು ಓಡಾಡುವವರೆಲ್ಲ ಆ ಕಡೆ ಹೋದರು. ಮೇಷ್ಟ್ರಾಗಿದ್ದ ನಾನೂ ಹೋದೆ. ಕ್ಯೂ ಇಲ್ಲ, ಮಾತು ಮೃದು, ಬೆಡ್‌ಶೀಟ್ ಬೆಳ್ಳಗೆ. ಕೇಂದ್ರ ಸರ್ಕಾರ 2017-18ರಲ್ಲಿ ಮಾಡಿದ ಸಮೀಕ್ಷೆಯಲ್ಲಿ, ಆಸ್ಪತ್ರೆಗೆ ಸೇರಿದವರಲ್ಲಿ ನೂರಕ್ಕೆ ಸುಮಾರು 55 ಮಂದಿ ಖಾಸಗಿಗೆ ಹೋಗಿದ್ದರು, 42 ಮಂದಿ ಸರ್ಕಾರಿಗೆ. ಹೆರಿಗೆ ಬಿಟ್ಟು ಬೇರೆ ಕಾಯಿಲೆಗಳಿಗೆ, ಒಂದು ಸಲ ಅಡ್ಮಿಟ್ ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕೈಯಿಂದ ಹೋಗುತ್ತಿದ್ದದ್ದು ಸರಾಸರಿ 4,452 ರೂಪಾಯಿ. ಖಾಸಗಿಯಲ್ಲಿ 31,845. ಏಳು ಪಟ್ಟು.

ಇದು ಬರೀ ದುರಾಸೆಯ ಲೆಕ್ಕ ಅಲ್ಲ. ಕಟ್ಟಡದ ಸಾಲ, ಯಂತ್ರದ ಕಂತು, ಸಿಬ್ಬಂದಿಯ ಸಂಬಳ ಎಲ್ಲವೂ ರೋಗಿಯ ಬಿಲ್ಲಿನಿಂದಲೇ ಬರಬೇಕು. ಇನ್ನೊಂದು ಟೆಸ್ಟ್ ಬರೆದರೆ, ಇನ್ನೊಂದು ದಿನ ಇಟ್ಟುಕೊಂಡರೆ ಆಸ್ಪತ್ರೆಗೆ ಆದಾಯ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ತಿರುಗುಮುರುಗು. ಹತ್ತು ಜನರನ್ನು ನೋಡಿದರೂ ನೂರು ಜನರನ್ನು ನೋಡಿದರೂ ಡಾಕ್ಟರಿಗೆ ಅದೇ ಸಂಬಳ. ಹಾಗಾಗಿ ಒಂದು ಕಡೆ ಬೇಕಾದ್ದಕ್ಕಿಂತ ಜಾಸ್ತಿ ಮಾಡುವ ಸೆಳೆತ, ಇನ್ನೊಂದು ಕಡೆ ಬೇಕಾದಷ್ಟೂ ಮಾಡದೆ ಬಿಡುವ ಸೆಳೆತ. ಹೆರಿಗೆಯನ್ನೇ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ನೂರರಲ್ಲಿ ಸುಮಾರು 14 ಹೆರಿಗೆ ಸಿಸೇರಿಯನ್. ಖಾಸಗಿಯಲ್ಲಿ 47. ಅದೇ ದೇಶದ ಹೆಣ್ಣುಮಕ್ಕಳು. ಒಂದು ಕಡೆ ಮೂರು ಪಟ್ಟು ಜಾಸ್ತಿ ಜನಕ್ಕೆ ಹೊಟ್ಟೆ ಕೊಯ್ಯಬೇಕಾಗಿ ಬರುತ್ತದೆಯೇ? ಹಾಗಂತ ಸರ್ಕಾರಿ ಆಸ್ಪತ್ರೆಗೆ ಹೋದ ಬಾಣಂತಿ ಕ್ಷೇಮ ಅಂತಲೂ ಕಣ್ಣು ಮುಚ್ಚಿ ಹೇಳುವಂತಿಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅವರಿಗೆ ಏರಿಸಿದ ಡ್ರಿಪ್‌ನ ಗುಣಮಟ್ಟದ ಮೇಲೆ ಅನುಮಾನ ಎದ್ದಿತು. ಆ ಮಕ್ಕಳ ಮುಖ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸೀರೆ ಅಂಗಡಿಯಲ್ಲಿ ಹತ್ತು ಸೀರೆ ಬಿಡಿಸಿ ನೋಡಿ, ಬೇಡ ಅಂತ ಎದ್ದು ಬರಬಹುದು. ಸ್ಟ್ರೆಚರ್ ಮೇಲೆ ಮಲಗಿದವರು ಎದ್ದು ಬರಲಾರರು. ಅದಕ್ಕೇ ಕಾನೂನು ಬೇಕಾಗುತ್ತದೆ. ತುರ್ತು ಸ್ಥಿತಿಯಲ್ಲಿ ಬಂದವರ ಜೀವ ಉಳಿಸುವುದು ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ಡಾಕ್ಟರರ ಹೊಣೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ನಮ್ಮ ರಾಜ್ಯ 2017ರಲ್ಲಿ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ಖಾಸಗಿ ಡಾಕ್ಟರರು ಮುಷ್ಕರ ಹೂಡಿದ್ದು ನಿಮಗೆ ನೆನಪಿರಬಹುದು. ಮೊದಲಿನ ಬಿಗಿ ಸಡಿಲವಾಯಿತು. ಆದರೂ ಕೆಲವು ಒಳ್ಳೆಯ ಮಾತು ಉಳಿದವು. ತುರ್ತು ಇದ್ದಾಗ ಅಡ್ವಾನ್ಸ್ ಕಟ್ಟಿದರೇ ಚಿಕಿತ್ಸೆ ಅನ್ನುವಂತಿಲ್ಲ. ಬಿಲ್ ಬಾಕಿ ಅಂತ ಶವ ಹಿಡಿದಿಟ್ಟುಕೊಳ್ಳುವಂತಿಲ್ಲ. ದರ ಪಟ್ಟಿ ಕಣ್ಣಿಗೆ ಕಾಣುವಂತೆ ಹಾಕಬೇಕು. ದೂರು ಕೇಳಲು ಜಿಲ್ಲೆಯಲ್ಲಿ ಸಮಿತಿ ಇದೆ. ಇವು ನಿಮ್ಮ ಹಕ್ಕು. ನೆನಪಿಟ್ಟುಕೊಳ್ಳಿ.

ಸರ್ಕಾರ ಹಿಡಿದ ಇನ್ನೊಂದು ದಾರಿ, ಖಾಸಗಿಯಲ್ಲಿ ಆಗುವ ಚಿಕಿತ್ಸೆಗೆ ತಾನೇ ದುಡ್ಡು ಕೊಡುವುದು. ಸಹಕಾರ ಸಂಘದ ರೈತರಿಗೆ 2003ರಲ್ಲಿ ಬಂದ ಯಶಸ್ವಿನಿ ಅಂಥದ್ದು. ಶುರುವಿನಲ್ಲಿ ತಿಂಗಳಿಗೆ ಐದು ರೂಪಾಯಿ ಕಟ್ಟಿದರೆ ಆಪರೇಷನ್ ಆಗುತ್ತಿತ್ತು. 2018ರಲ್ಲಿ ಆರೋಗ್ಯ ಕರ್ನಾಟಕ ಬಂತು, ಅದೇ ವರ್ಷ ಆಯುಷ್ಮಾನ್ ಭಾರತದ ಜೊತೆ ಸೇರಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದವರೆಗೆ. ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜಿನ, ಅಂದರೆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರದ, ನೂರಕ್ಕೆ 30 ಭಾಗ, ಒಂದೂವರೆ ಲಕ್ಷದವರೆಗೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ರೆಫರ್ ಲೆಟರ್ ಕೊಡುತ್ತಾರೆ. ತುರ್ತು ಇದ್ದರೆ ಲೆಟರ್ ಬೇಡ. ಈ ರೆಫರ್ ನಿಯಮದ ಬಗ್ಗೆ ಬಹಳ ಜನ ಗೊಣಗುತ್ತಾರೆ. ನನಗೆ ಅದು ಸರಿ ಅನ್ನಿಸುತ್ತದೆ. ಬಾಗಿಲು ಸರ್ಕಾರಿ ಆಸ್ಪತ್ರೆಯದೇ ಆಗಿರಬೇಕು. ಇಲ್ಲದಿದ್ದರೆ ಸರ್ಕಾರದ ದುಡ್ಡೂ ಆಚೆ ಹೋಗುತ್ತದೆ, ಜನವೂ ಆಚೆ ಹೋಗುತ್ತಾರೆ.

ಮನಸ್ಸು ಮಾಡಿದರೆ ಸರ್ಕಾರಿ ಆಸ್ಪತ್ರೆ ಹೇಗಿರಬಹುದು ಎನ್ನುವುದಕ್ಕೆ ಬೆಂಗಳೂರಿನ ಜಯದೇವ ಇದೆ. ಡಾ. ಸಿ. ಎನ್. ಮಂಜುನಾಥ್ ನಿರ್ದೇಶಕರಾಗಿದ್ದಾಗ 'ಮೊದಲು ಚಿಕಿತ್ಸೆ, ಆಮೇಲೆ ದುಡ್ಡು' ಎಂಬ ಪದ್ಧತಿ ಇಟ್ಟುಕೊಂಡರು. ಕಾರಿನವರೂ ಬಂದರು, ಬಸ್ಸಿನವರೂ ಬಂದರು. ಒಂದೇ ಓಪಿಡಿಯಲ್ಲಿ ಕೂತರು. ನನ್ನ ಮಟ್ಟಿಗೆ ಜಯದೇವದ ಗುಟ್ಟು ಅರ್ಧ ಅಲ್ಲೇ ಇದೆ.

ಈಗ ಪೇಪರ್ ರೋಲಿಗೆ ಬರುತ್ತೇನೆ. ನಮ್ಮ ತಾಲೂಕಿನ ಮೇಷ್ಟ್ರು, ವಕೀಲರು, ಅಂಗಡಿ ಸಾಹುಕಾರರು, ಅಧಿಕಾರಿಗಳು, ಯಾರೂ ಅಲ್ಲಿಗೆ ಹೋಗುತ್ತಿರಲಿಲ್ಲ. ಹೋಗುತ್ತಿದ್ದವರಿಗೆ ಗದರಿ ಕೇಳುವ ಧೈರ್ಯ ಇರಲಿಲ್ಲ. ರೋಲ್ ಮುಗಿದು ಎಷ್ಟು ದಿನವಾಗಿತ್ತೋ, ಕೇಳಿದವರು ಯಾರೂ ಇರಲಿಲ್ಲ. ಮೇಲಿನ ಮಟ್ಟದಲ್ಲೂ ಇದೇ ಕಥೆ. ಸರ್ಕಾರ ಆರೋಗ್ಯಕ್ಕೆ ಮಾಡುವ ಖರ್ಚನ್ನು 2025ರ ಹೊತ್ತಿಗೆ ಜಿಡಿಪಿಯ ನೂರಕ್ಕೆ ಎರಡೂವರೆಗೆ ಏರಿಸುತ್ತೇವೆ ಅಂತ 2017ರ ರಾಷ್ಟ್ರೀಯ ಆರೋಗ್ಯ ನೀತಿ ಹೇಳಿತು. 2021-22ರ ಲೆಕ್ಕದಲ್ಲಿ ಅದು ಮುಟ್ಟಿದ್ದು 1.84. ರಸ್ತೆ ಹಾಳಾದರೆ ನಾವೆಲ್ಲ ಕೂಗುತ್ತೇವೆ, ಯಾಕೆಂದರೆ ಎಲ್ಲರ ಗಾಡಿಯೂ ಅದೇ ಗುಂಡಿಗೆ ಇಳಿಯುತ್ತದೆ. ಆಸ್ಪತ್ರೆಗೆ ಹಾಗೆ ಕೂಗಲಿಲ್ಲ.

ಕಳೆದ ವರ್ಷ ನಮ್ಮ ಬೀದಿಯ ಮರಗೆಲಸದವರೊಬ್ಬರಿಗೆ ಎದೆನೋವು ಬಂತು. ಅದೇ ತಾಲೂಕು ಆಸ್ಪತ್ರೆ. ಹೋದ ಕೂಡಲೇ ಇಸಿಜಿ ತೆಗೆದು, ದೂರದ ಹೃದಯ ತಜ್ಞರಿಗೆ ಕಳಿಸಿದರು. ಹಾರ್ಟ್ ಅಟ್ಯಾಕ್ ಎಂದು ಉತ್ತರ ಬಂತು. ಹೊರಗೆ ಕೊಂಡರೆ ಹತ್ತಾರು ಸಾವಿರ ಆಗುವ, ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಕೊಟ್ಟರು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇದು. ಆಮೇಲೆ ಆಂಬುಲೆನ್ಸಿನಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. "ಮೇಷ್ಟ್ರೇ, ಒಂದು ಪೈಸಾನೂ ಕೇಳಲಿಲ್ಲ" ಅಂತ ಅವರ ಮನೆಯಾಕೆ ಫೋನಿನಲ್ಲಿ ಅತ್ತರು. ನಾನೂ ಅತ್ತೆ. ಅಪ್ಪನ ನೆನಪಾಯಿತು.

ಹೋದ ತಿಂಗಳು ಆಕೆ ಮತ್ತೆ ಬಂದರು. ಗಂಡ ದಿನಾ ನುಂಗಬೇಕಾದ ಮಾತ್ರೆ ಆಸ್ಪತ್ರೆಯಲ್ಲಿ ಇಲ್ಲವಂತೆ, ಹೊರಗೆ ಬರೆದುಕೊಡುತ್ತಿದ್ದಾರಂತೆ. ಎರಡು ವಾರ ಮೆಡಿಕಲ್ ಶಾಪಿನಲ್ಲಿ ಕೊಂಡರು, ಮೂರನೇ ವಾರ ದುಡ್ಡಿಲ್ಲದೆ ಬಿಟ್ಟರು. ನಾನು ಚೀಟಿ ಹಿಡಿದು ಆಸ್ಪತ್ರೆಗೆ ಹೋದೆ. ಎಷ್ಟೋ ವರ್ಷದ ಮೇಲೆ ಆ ಕ್ಯೂನಲ್ಲಿ ನಿಂತೆ. ಔಷಧಿ ಕೊಡುವವರು ಸಮಾಧಾನದಿಂದಲೇ ಹೇಳಿದರು, ಮಾತ್ರೆ ಬೇಕು ಅಂತ ಮೇಲಕ್ಕೆ ಇಂಡೆಂಟ್ ಹಾಕಿದ್ದೇವೆ ಸಾರ್, ಬಂದಿಲ್ಲ. ಇಂಥ ಕೊರತೆಗಳನ್ನು ನೋಡಿಕೊಳ್ಳಲು ಪ್ರತಿ ಸರ್ಕಾರಿ ಆಸ್ಪತ್ರೆಗೂ ಆರೋಗ್ಯ ರಕ್ಷಾ ಸಮಿತಿ ಅಂತ ಒಂದಿರುತ್ತದೆ. ಅದರ ಮುಂದಿನ ಸಭೆ ಯಾವತ್ತು ಎಂದು ಕೇಳಿದೆ. ತಾರೀಖು ಬರೆದುಕೊಟ್ಟರು. ಬರುವ ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ. ಆಕೆಯನ್ನೂ ಕರೆದುಕೊಂಡು ಹೋಗುತ್ತಿದ್ದೇನೆ.

ನಮಸ್ಕಾರ.