ಮೂರು ಕಮಿಟ್ ಮಾಡಿದ್ದು, ಆರು ಹೇಗಾಯ್ತು?

ಎಲ್ರಿಗೂ ನಮಸ್ಕಾರ. ಇವತ್ತು ಗಿಟ್‌ನಲ್ಲಿ, ಅಂದ್ರೆ ಕೋಡಿನ ಬದಲಾವಣೆಗಳ ಹಿಸ್ಟರಿ ಇಡೋ ಟೂಲಲ್ಲಿ, ಬರೋ ಒಂದೇ ಒಂದು ತೊಂದ್ರೆ ಬಗ್ಗೆ ಮಾತಾಡ್ತೀನಿ. ನೀವು ನಿಮ್ಮ ಬ್ರಾಂಚಲ್ಲಿ (ಕೋಡಿನ ನಿಮ್ಮದೇ ಕವಲಲ್ಲಿ) ಮೂರು ಕಮಿಟ್ ಮಾಡಿರ್ತೀರ, ಅಂದ್ರೆ ಮೂರು ಸಲ ಬದಲಾವಣೆ ದಾಖಲಿಸಿರ್ತೀರ, ಪುಶ್ ಮಾಡಿ (ಸರ್ವರಿಗೆ ಕಳ್ಸಿ) ಲಾಗ್ ತೆಗೆದು ನೋಡಿದ್ರೆ ಆರು ಇರುತ್ತೆ, ಅದೇ ಮೆಸೇಜು, ಅದೇ ಹೆಸ್ರು, ಅದೇ ಬದಲಾವಣೆ, ಜೊತೆಗೆ ನೀವು ಮಾಡೋಕೆ ಹೊರಟೇ ಇರದ ಒಂದು ಮರ್ಜ್ ಕಮಿಟ್ (ಎರಡು ಹಿಸ್ಟರಿ ಸೇರಿಸೋ ಕಮಿಟ್) ಬೇರೆ. ನಾನು ಒಂದ್ಸಲ ಇಂಥದ್ದನ್ನೇ ರಿವ್ಯೂಗೆ ಕಳ್ಸಿಬಿಟ್ಟಿದ್ದೆ, ಪಾಪ ನೋಡೋರಿಗೆ ಯಾವ್ದು ಹಳೇದು ಯಾವ್ದು ಹೊಸ್ದು ಅಂತ ತಿಳೀದೆ ಅರ್ಧ ದಿನ ಹೋಯ್ತು, ಆ ಬೇಜಾರು ನಂಗೆ ಇನ್ನೂ ಇದೆ.

ಯಾಕೆ ಹೀಗಾಗುತ್ತೆ ಅಂತ ನೋಡೋಣ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದಾಗಿಂದ ಇವತ್ತಿನವರೆಗೂ ಕಮಿಟ್ ಐಡಿ ಹುಟ್ಟೋ ರೀತಿ ಒಂದೇ: ಫೈಲುಗಳ ಸ್ಥಿತಿ, ಹಿಂದಿನ ಕಮಿಟ್ ಅಂದ್ರೆ ಪೇರೆಂಟ್ ಯಾವ್ದು, ಬರೆದೋರು ಯಾರು, ಕಮಿಟ್ ಮಾಡಿದ್ದು ಯಾರು, ಯಾವಾಗ, ಮೆಸೇಜ್ ಏನು, ಇಷ್ಟನ್ನೂ ಸೇರಿಸಿ ಹ್ಯಾಶ್ ಮಾಡಿದ್ರೆ, ಅಂದ್ರೆ ಲೆಕ್ಕ ಹಾಕಿ ಒಂದು ಗುರುತಾಗಿ ಇಳಿಸಿದ್ರೆ, ಸಾಮಾನ್ಯವಾಗಿ 40 ಅಕ್ಷರದ ಐಡಿ ಬರುತ್ತೆ. ಇದ್ರಲ್ಲಿ ಒಂದು ಬದಲಾದ್ರೂ ಐಡಿ ಪೂರ್ತಿ ಬೇರೆ. ರೀಬೇಸ್ ಮಾಡಿದಾಗ, ಅಂದ್ರೆ ನಿಮ್ಮ ಕಮಿಟ್‌ಗಳನ್ನ ಇನ್ನೊಂದು ಬ್ರಾಂಚಿನ ತುದಿ ಮೇಲೆ ಕೂರಿಸಿದಾಗ, ಪೇರೆಂಟ್ ಬದಲಾಗುತ್ತಲ್ಲ, ಹಾಗಾಗಿ ಅದು ನಿಮ್ಮ ಕಮಿಟ್‌ಗಳನ್ನ ಎತ್ತಿ ಬೇರೆ ಕಡೆ ಇಡಲ್ಲ, ಹೊಸ ನಕಲು ಮಾಡುತ್ತೆ. ನಮ್ಮ ಕಣ್ಣಿಗೆ ಅದೇ ಕಮಿಟ್, ಗಿಟ್‌ಗೆ ಸಂಬಂಧನೇ ಇಲ್ಲದ ಇನ್ನೊಂದು.

ಈಗ ನೋಡಿ. ಹಳೇ ಮೂರು ಆಗ್ಲೇ ಸರ್ವರಲ್ಲಿದೆ, ನೀವು ಮೇನ್ (ಎಲ್ರದ್ದೂ ಸೇರೋ ಮುಖ್ಯ ಬ್ರಾಂಚ್) ಮೇಲೆ ರೀಬೇಸ್ ಮಾಡಿ ಮತ್ತೆ ಪುಶ್ ಮಾಡ್ತೀರ, ಗಿಟ್ ರಿಜೆಕ್ಟ್ ಮಾಡುತ್ತೆ, ನಾನ್ ಫಾಸ್ಟ್ ಫಾರ್ವರ್ಡ್ ಅನ್ನುತ್ತೆ, ಅಂದ್ರೆ ಸರ್ವರಲ್ಲಿರೋ ಕಮಿಟ್‌ಗಳು ನಿಮ್ಮ ಹಿಸ್ಟರೀಲಿ ಇಲ್ಲ ಅಂತ, ಕೆಳಗೆ ಹಿಂಟ್ ಕೊಡುತ್ತೆ, ಮೊದ್ಲು ಪುಲ್ ಮಾಡಿ (ಸರ್ವರಲ್ಲಿರೋದನ್ನ ತಂದು ನಿಮ್ಮದಕ್ಕೆ ಸೇರಿಸಿ) ಅಂತ. ಎಲ್ಲಾ ಕೆಡೋದು ಇಲ್ಲೇ. ಬೇರೆಯವ್ರು ಏನಾದ್ರೂ ಪುಶ್ ಮಾಡಿದ್ರೆ ಆ ಹಿಂಟ್ ಸರಿ, ಆದ್ರೆ ಇಲ್ಲಿ ಸರ್ವರಲ್ಲಿರೋದು ನಿಮ್ಮದೇ ಹಳೇ ಪ್ರತಿ, ಅದನ್ನ ಪುಲ್ ಮಾಡಿ ಮರ್ಜ್ ಆದ ತಕ್ಷಣ ಹಳೇ ಮೂರು ಹೊಸ ಮೂರು ಎರಡೂ ಒಂದೇ ಹಿಸ್ಟರಿಗೆ ಬಂದು ಕೂರುತ್ತೆ. ಅದಕ್ಕೇ ನಾನು ಎಲ್ರಿಗೂ ಹೇಳೋದು, ರೀಬೇಸ್ ಆದ್ಮೇಲೆ ಪುಶ್ ರಿಜೆಕ್ಟ್ ಆದ್ರೆ ಪುಲ್ ಮಾಡ್ಬೇಡಿ, ದಯವಿಟ್ಟು.

ಮಾಡಿಬಿಟ್ಟಿದ್ರೆ? ಗಾಬರಿ ಬೇಡ. ಕಮಿಟ್ ಆಗದ ಕೆಲಸ ಇದ್ರೆ ಮೊದ್ಲು ಸ್ಟ್ಯಾಶ್ ಮಾಡಿ (ಪಕ್ಕಕ್ಕೆ ಎತ್ತಿಡಿ), ಯಾಕಂದ್ರೆ ಮುಂದೆ ಮಾಡೋ ಹಾರ್ಡ್ ರೀಸೆಟ್ (ಬ್ರಾಂಚನ್ನ ಒಂದು ಹಳೇ ಜಾಗಕ್ಕೆ ವಾಪಸ್ ಒಯ್ಯೋದು) ಅದನ್ನ ಅಳಿಸಿಹಾಕುತ್ತೆ, ಆಮೇಲೆ ವಾಪಸ್ ಬರಲ್ಲ. ಆಮೇಲೆ ರೆಫ್‌ಲಾಗ್ ತೆಗೀರಿ, ನಿಮ್ಮ ಹೆಡ್ (ನೀವು ನಿಂತಿರೋ ಕಮಿಟ್) ಎಲ್ಲೆಲ್ಲಿ ಇತ್ತು ಅನ್ನೋದೆಲ್ಲ ಅಲ್ಲಿರುತ್ತೆ, ಬ್ರಾಂಚ್ ಬಿಟ್ಟುಹೋದ ಕಮಿಟ್‌ಗಳ ದಾಖಲೆ ಕೂಡ ಡಿಫಾಲ್ಟಾಗಿ 30 ದಿನ ಇರುತ್ತೆ. ಪುಲ್‌ಗಿಂತ ಹಿಂದಿನ ಸಾಲು ಹುಡುಕಿ ಅಲ್ಲಿಗೆ ಹಾರ್ಡ್ ರೀಸೆಟ್ ಮಾಡಿ, ಮೂರೇ ಕಮಿಟ್ ಇದೆಯಾ ಅಂತ ಲಾಗಲ್ಲಿ ನೋಡ್ಕೊಂಡು ಫೋರ್ಸ್ ವಿತ್ ಲೀಸ್ ಹಾಕಿ ಪುಶ್ ಮಾಡಿ.

ಬರೀ ಫೋರ್ಸ್ ಬೇಡ. ಅದು ಸರ್ವರಲ್ಲಿ ಏನಿದ್ರೂ ಅದರ ಮೇಲೇ ಬರೆಯುತ್ತೆ, ನಡುವೆ ಬೇರೆ ಯಾರಾದ್ರೂ ಕಮಿಟ್ ಹಾಕಿದ್ರೆ ಅದೂ ಹೋಯ್ತು. ಲೀಸ್ ಇದ್ರೆ, ನೀವು ಕೊನೇ ಸಲ ನೋಡಿದ್ ಜಾಗದಲ್ಲೇ ಸರ್ವರ್ ಇದ್ರೆ ಮಾತ್ರ ಪುಶ್ ಆಗುತ್ತೆ. ಇದ್ರಲ್ಲೂ ಒಂದು ತೂತು ಇದೆ, ಎಷ್ಟೋ ಕೋಡ್ ಎಡಿಟರ್‌ಗಳು ಹಿನ್ನೆಲೇಲಿ ತಾವೇ ಫೆಚ್ ಮಾಡ್ತಿರ್ತವೆ (ಸರ್ವರಲ್ಲಿರೋದನ್ನ ತರ್ತವೆ, ನಿಮ್ಮದಕ್ಕೆ ಸೇರಿಸಲ್ಲ), ಆಗ ನೀವು ಕಣ್ಣಲ್ಲಿ ನೋಡದೇ ಇದ್ದದ್ದನ್ನೂ ನೋಡಿದ್ದೀರಿ ಅಂತ ಗಿಟ್ ಅಂದ್ಕೊಳ್ಳುತ್ತೆ. ಅದಕ್ಕೇ ಗಿಟ್ 2.30ರಲ್ಲಿ ಫೋರ್ಸ್ ಇಫ್ ಇನ್‌ಕ್ಲೂಡ್ಸ್ ಅನ್ನೋ ಆಪ್ಷನ್ ಬಂತು, ಎರಡನ್ನೂ ಜೊತೇಲಿ ಹಾಕಿ.

ಡಬಲ್ ಆಗಿದ್ದನ್ನೇ ಪುಶ್ ಮಾಡಿ, ಅದ್ರ ಮೇಲೆ ಇನ್ನೂ ಕೆಲಸ ಮಾಡಿದ್ರೆ ಇಂಟರಾಕ್ಟಿವ್ ರೀಬೇಸ್ ತೆಗೀರಿ, ಪಟ್ಟೀಲಿ ಆರೂ ಕಾಣುತ್ತೆ, ಹಳೇ ಮೂರರ ಸಾಲು ಅಳಿಸಿ ಸೇವ್ ಮಾಡಿ. ಆದ್ರೆ ಇದೆಲ್ಲ ನಿಮ್ಮೊಬ್ಬರ ಬ್ರಾಂಚಿಗೆ. ಮೇನ್‌ಗೆ ಸೇರಿ ಹತ್ತು ಜನ ಎಳ್ಕೊಂಡಾಗಿದ್ರೆ ಮುಟ್ಟಬೇಡಿ, ಹಿಸ್ಟರಿ ನೋಡೋಕೆ ಚೆನ್ನಾಗಿರಲ್ಲ ಅಷ್ಟೇ, ಕೋಡ್ ಸರಿ ಇರುತ್ತೆ. ಇಬ್ರು ಸೇರಿ ಒಂದೇ ಬ್ರಾಂಚಲ್ಲಿ ಕೆಲಸ ಮಾಡ್ತಿದ್ರೆ ರೀಬೇಸ್‌ಗೆ ಮುಂಚೆ ಇನ್ನೊಬ್ರಿಗೆ ಒಂದು ಮಾತು ಹೇಳಿ, ಅವ್ರು ತಮ್ಮ ಕೆಲಸ ಪುಶ್ ಮಾಡ್ಲಿ, ನೀವು ರೀಬೇಸ್ ಮುಗಿಸಿದ್ಮೇಲೆ ಅವ್ರು ಫೆಚ್ ಮಾಡಿ ಸರ್ವರಲ್ಲಿರೋ ಬ್ರಾಂಚಿಗೆ ರೀಸೆಟ್ ಮಾಡ್ಕೊಳ್ಲಿ, ಅವ್ರು ಪುಲ್ ಅಂತ ಒತ್ತಿದ್ರೆ ಅವ್ರ ಮಷೀನಿಂದ ಹಳೇ ಮೂರು ಮತ್ತೆ ಬರುತ್ತೆ.