ವಾರ್ಡಿನೊಳಗೆ ನಮ್ಮ ಮುಖ ಯಾರದು?

(ನರ್ಸಿಂಗ್ ವಿದ್ಯಾರ್ಥಿಗಳ ದೀಪ ಬೆಳಗಿಸುವ ಸಮಾರಂಭದಲ್ಲಿ ಮಾಡಿದ ಉಪನ್ಯಾಸ)

ವೇದಿಕೆಯ ಮೇಲಿರುವ ಹಿರಿಯರೇ, ಪ್ರಾಂಶುಪಾಲರೇ, ಇಂದು ದೀಪ ಹಿಡಿದು ಪ್ರತಿಜ್ಞೆ ಸ್ವೀಕರಿಸಿದ ವಿದ್ಯಾರ್ಥಿ ಮಿತ್ರರೇ,

ನೀವು ಈಗಷ್ಟೇ ಒಕ್ಕೊರಲಿನಿಂದ ಹೇಳಿದ ಪ್ರತಿಜ್ಞೆಗೆ ಆಧುನಿಕ ಶುಶ್ರೂಷೆಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿದ್ದರೂ ಅದನ್ನು ಬರೆದವರು ಅವರಲ್ಲ. ಅವರ ಗೌರವಾರ್ಥ 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಅದನ್ನು ರಚಿಸಲಾಯಿತು. ಅದರಲ್ಲಿ ಹಾನಿಕರ ಔಷಧವನ್ನು ಕೊಡೆನೆಂಬ ಮಾತಿದೆ, ರೋಗಿಯ ಗುಟ್ಟನ್ನು ಕಾಪಾಡುವೆನೆಂಬ ಮಾತಿದೆ. ರೋಗಿಯ ಎದುರು ಯಾವ ಮುಖ ಹೊತ್ತು ನಿಲ್ಲಬೇಕೆಂಬ ಮಾತು ಮಾತ್ರ ಇಲ್ಲ. ಇಂದು ನಾನು ಮಾತನಾಡಲಿರುವುದು ಅದನ್ನು ಕುರಿತು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ವಾರ್ಡಿನ ಬಾಗಿಲು ದಾಟಿದ ಮೇಲೆ ನಮ್ಮ ಮುಖ ರೋಗಿಯ ಪಾಲಿನದು. ಮನೆಯಲ್ಲಿ ಮಗುವಿಗೆ ಜ್ವರ ಬಂದಿರಬಹುದು, ಹಾಸ್ಟೆಲಿನಲ್ಲಿ ಜಗಳವಾಗಿರಬಹುದು, ಸಂಬಳ ತಡವಾಗಿರಬಹುದು, ಸಾಲು ರಾತ್ರಿಪಾಳಿಗಳ ದಣಿವು ಕಣ್ಣಿಗೆ ಕಟ್ಟಿರಬಹುದು. ಅವೆಲ್ಲ ನಿಜವೇ, ಆದರೆ ಅವುಗಳಲ್ಲಿ ಯಾವುದೂ ಹನ್ನೆರಡನೆಯ ಹಾಸಿಗೆಯಲ್ಲಿ ಮಲಗಿರುವವನ ತಪ್ಪಲ್ಲ. ಅವನಿಗೆ ಸಲ್ಲಬೇಕಾದ ಪ್ರಸನ್ನತೆಯನ್ನು ನಮ್ಮ ಆ ದಿನದ ಮನಃಸ್ಥಿತಿಗೆ ಗಂಟು ಹಾಕುವ ಹಕ್ಕು ನಮಗಿಲ್ಲ.

ಮಲಗಿದ ಮನುಷ್ಯನಿಗೆ ಕಾಣುವ ಜಗತ್ತು ಬಹಳ ಚಿಕ್ಕದು. ಸೂರು, ಫ್ಯಾನು, ಡ್ರಿಪ್ ಬಾಟಲಿ, ಆಗಾಗ ಬಂದು ಬಾಗುವ ಮುಖಗಳು. ಕೇಸ್ ಶೀಟ್ ಓದಲು ಬಾರದವನು ನಮ್ಮ ಮುಖವನ್ನು ಓದುತ್ತಾನೆ. ಬಿ.ಪಿ. ಪಟ್ಟಿಯನ್ನು ಬಿಚ್ಚುವಾಗ ನಿಮ್ಮ ಹುಬ್ಬು ಗಂಟಿಕ್ಕಿದರೆ, ಅದು ಮನೆಯಿಂದ ಬಂದ ಫೋನಿನ ನೆನಪಿನಿಂದ ಆದದ್ದೆಂದು ಅವನಿಗೆ ಹೇಗೆ ತಿಳಿಯಬೇಕು? ತನ್ನ ಕಾಯಿಲೆಯೇ ಉಲ್ಬಣಿಸಿತೆಂದುಕೊಂಡು ರಾತ್ರಿಯಿಡೀ ನಿದ್ದೆಗೆಡುತ್ತಾನೆ. 1854ರಲ್ಲಿ 38 ಮಂದಿ ದಾದಿಯರನ್ನು ಕರೆದುಕೊಂಡು ಟರ್ಕಿಯ ಸ್ಕುಟಾರಿಯಲ್ಲಿದ್ದ ಸೈನಿಕ ಆಸ್ಪತ್ರೆಗೆ ಹೋದ ನೈಟಿಂಗೇಲ್, ಮುಂದೆ ಶುಶ್ರೂಷೆಯನ್ನು ಕುರಿತು ಬರೆಯುವಾಗ ಇದನ್ನೇ ಒತ್ತಿ ಹೇಳಿದರು: ಆತಂಕ, ಅನಿಶ್ಚಯ ಮತ್ತು ಕಾಯುವಿಕೆ ರೋಗಿಗೆ ದೇಹಶ್ರಮಕ್ಕಿಂತ ಹೆಚ್ಚು ಕೇಡು ಮಾಡುತ್ತವೆ. ರೋಗಿಯ ಕೋಣೆಯ ಹೊರಗೆ ಪಿಸುಮಾತು ಆಡುವವರನ್ನು ಅವರು ಕಟುವಾಗಿಯೇ ಖಂಡಿಸಿದ್ದಾರೆ. ರೋಗಿ ಕತ್ತು ತಿರುಗಿಸದೆಯೇ ನಿಮ್ಮನ್ನು ನೋಡುವಂತೆ ಎದುರಿಗೆ ಕುಳಿತು ಮಾತನಾಡಿ ಎಂದೂ ಹೇಳಿದ್ದಾರೆ. ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಈ ಸಲಹೆಯನ್ನು ನಾಳೆ ಬೆಳಿಗ್ಗೆಯಿಂದಲೇ ಪಾಲಿಸಬಹುದು. ಅದಕ್ಕೆ ಬೇಕಾದದ್ದು ಒಂದು ಸ್ಟೂಲು ಮಾತ್ರ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಜಿಲ್ಲಾ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ, ಒಬ್ಬ ಹಿರಿಯ ಸಿಸ್ಟರ್ ಇದ್ದರು. ನನ್ನ ಹಳೆಯ ವಿದ್ಯಾರ್ಥಿಗಳು ಕೆಲವರು ಇಲ್ಲಿ ಕುಳಿತಿದ್ದಾರೆ, ಅವರಿಗೆ ಈ ಕಥೆ ಬಾಯಿಪಾಠವಾಗಿದೆ. ಆದರೂ ಇನ್ನೊಮ್ಮೆ ಕೇಳಲಿ. ಡ್ಯೂಟಿಗೆ ಬಂದವರೇ ಅವರು ಬಾಗಿಲ ಬಳಿಯ ಸಿಂಕಿನ ಮುಂದೆ ನಿಂತು ಕೈ ತೊಳೆಯುತ್ತಿದ್ದರು. ಸೋಪು ನೀರಿನಲ್ಲಿ ಕೈ ತೊಳೆಯಲು 40ರಿಂದ 60 ಸೆಕೆಂಡು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಚಿತ್ರಪಟವನ್ನು ಈಗ ಎಲ್ಲ ಸಿಂಕುಗಳ ಮೇಲೂ ಅಂಟಿಸಿರುತ್ತಾರೆ. ಅಂದು ಅಂಥ ಚಿತ್ರಪಟವಿರಲಿಲ್ಲ, ಆದರೂ ಅವರು ಅವಸರ ಮಾಡಿದ್ದನ್ನು ನಾನು ಕಂಡಿಲ್ಲ. ಬೆರಳ ಸಂದು, ಉಗುರಿನ ಬುಡ, ಮಣಿಕಟ್ಟು, ಎಲ್ಲವೂ ಆಗಬೇಕು. ಒಮ್ಮೆ ಕೇಳಿದ್ದಕ್ಕೆ, “ಕೈ ತೊಳೆಯುವಷ್ಟು ಹೊತ್ತು ಮನೆಯದನ್ನೆಲ್ಲ ಪೂರ್ತಿ ನೆನೆದುಕೊಳ್ಳುತ್ತೇನೆ. ನಲ್ಲಿ ನಿಲ್ಲಿಸಿದ ಮೇಲೆ ನೆನೆಯುವುದಿಲ್ಲ” ಎಂದಿದ್ದರು.

ಆ ವಾರ್ಡಿಗೆ ಹಳ್ಳಿಯಿಂದ ಒಬ್ಬ ಅಜ್ಜಿ ದಾಖಲಾದರು. ಅನ್ನ ಬೇಡ, ಗಂಜಿ ಬೇಡ, ಮಾತೂ ಬೇಡ. ಎಲೆಯಡಿಕೆಯ ಚೀಲವನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟದ್ದೇ ಅವರ ದೊಡ್ಡ ದೂರು. ಸಿಸ್ಟರ್ ಹೋಗಿ, “ಅಜ್ಜಿ, ಎರಡು ಇಡ್ಲಿ ತಿಂದರೆ ನಿನ್ನ ಚೀಲ ತೋರಿಸುತ್ತೇನೆ, ಕೊಡುವುದಿಲ್ಲ, ತೋರಿಸುತ್ತೇನೆ ಅಷ್ಟೆ” ಎಂದರು. ಅಕ್ಕಪಕ್ಕದ ಹಾಸಿಗೆಯವರು ನಕ್ಕರು. ಅಜ್ಜಿ ಹಟ ಬಿಟ್ಟು ತಿಂದರು, ತಿಂದ ಮೇಲೆ ಚೀಲ ತರಿಸಿದರು, ದಾರ ಬಿಚ್ಚಿ ಅಡಿಕೆಗಳನ್ನು ಒಂದೊಂದಾಗಿ ಎಣಿಸಿದರು. ಎಣಿಸಿ, ಇಡೀ ವಾರ್ಡಿಗೆ ಕೇಳುವಂತೆ, “ಒಂದು ಗೋಟು ಕಮ್ಮಿ ಐತೆ, ಈವಮ್ಮನೇ ತಿಂದವ್ಳೆ” ಎಂದು ಘೋಷಿಸಿದರು! ಅಂದಿನಿಂದ ಊಟವಾದ ಕೂಡಲೇ ಚೀಲದ ತಪಾಸಣೆ ನಡೆಯುವುದು ನಿತ್ಯದ ಕಾರ್ಯಕ್ರಮವಾಯಿತು. ಸಿಸ್ಟರ್ ಪ್ರತಿಸಲವೂ ಅಷ್ಟೇ ಗಂಭೀರವಾಗಿ ಆಪಾದನೆಯನ್ನು ನಿರಾಕರಿಸುತ್ತಿದ್ದರು. ಅಜ್ಜಿ ಅಷ್ಟೇ ಗಂಭೀರವಾಗಿ ಪಟ್ಟು ಹಿಡಿಯುತ್ತಿದ್ದರು. ಜೊತೆಗೆ ಊಟವೂ ಒಳಗೆ ಹೋಗುತ್ತಿತ್ತು.

ಅದೇ ದಿನಗಳಲ್ಲಿ ಆ ಸಿಸ್ಟರ್ ಅವರ ಪತಿ ಮೂತ್ರಪಿಂಡ ಕೆಟ್ಟು ಬೆಂಗಳೂರಿನಲ್ಲಿ ಡಯಾಲಿಸಿಸ್ ಮೇಲಿದ್ದರು. ಸಿಸ್ಟರ್ ವಾರದ ರಜೆಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಮರುರಾತ್ರಿಯ ಬಸ್ಸಿನಲ್ಲಿ ಹಿಂದಿರುಗುತ್ತಿದ್ದರು. ಅವರ ಜೊತೆಯಲ್ಲೇ ಕೆಲಸ ಮಾಡುತ್ತಿದ್ದ ನಮಗೆ ಅದು ಗೊತ್ತಿತ್ತು. ರೋಗಿಗಳಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಲಿನನ್ ಕೋಣೆಯಲ್ಲಿ ಒಗೆದ ಬಟ್ಟೆಯ ಮೂಟೆಗಳ ನಡುವೆ ನಿಂತು ಅವರು ಅತ್ತದ್ದನ್ನು ನಾನು ನೋಡಿದ್ದೇನೆ. ಆದ್ದರಿಂದ ದಯವಿಟ್ಟು ಯಾರೂ ಅವರನ್ನು ದುಃಖವೇ ಇಲ್ಲದ ಕಲ್ಲುಮನಸ್ಸಿನವರೆಂದು ಭಾವಿಸಬಾರದು. ದುಃಖವನ್ನು ಯಾರೆದುರು ಇಳಿಸಬೇಕು, ಯಾರೆದುರು ಇಳಿಸಬಾರದು ಎಂಬುದು ಅವರಿಗೆ ಖಚಿತವಿತ್ತು. ಸಹೋದ್ಯೋಗಿಗಳೆದುರು ಅವರ ಮುಖ ಅವರದೇ; ವಾರ್ಡಿನಲ್ಲಿ ಅದು ರೋಗಿಯ ಪಾಲಿನದು.

ಇದು ನಟನೆಯಲ್ಲವೇ, ಮೋಸವಲ್ಲವೇ ಎಂದು ತರಗತಿಯಲ್ಲಿ ಪ್ರತಿವರ್ಷ ಯಾರಾದರೊಬ್ಬರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ವಿಮಾನದ ಗಗನಸಖಿಯರನ್ನು ಅಧ್ಯಯನ ಮಾಡಿ, ಭಾವನೆಯನ್ನು ನಿರ್ವಹಿಸುವುದೂ ಒಂದು ದುಡಿಮೆಯೇ ಎಂದು 1983ರಲ್ಲಿ ವಿವರವಾಗಿ ತೋರಿಸಿದರು. ಒಳಗೆ ಏನೂ ಬದಲಾಗದೆ ತುಟಿಯಷ್ಟೇ ಅಗಲವಾಗುವ ಮೇಲುನಟನೆ ಬೇರೆ, ಎದುರಿನವರ ಸ್ಥಿತಿಯನ್ನು ಮನಸ್ಸಿಗೆ ತಂದುಕೊಂಡು ಒಳಗಿನ ಭಾವವನ್ನೇ ಹೊರಳಿಸಿಕೊಳ್ಳುವುದು ಬೇರೆ ಎಂದು ಅವರು ಗುರುತಿಸಿದರು. ಮನುಷ್ಯನನ್ನು ಬೇಗ ಬಸವಳಿಸುವುದು ಮೊದಲನೆಯದು ಎಂದು ಅನಂತರದ ಸಂಶೋಧನೆಗಳು ಮತ್ತೆ ಮತ್ತೆ ಕಂಡುಕೊಂಡಿವೆ. ನಮ್ಮ ಸಿಸ್ಟರ್ ಯಾವ ಸಿದ್ಧಾಂತವನ್ನೂ ಓದಿದವರಲ್ಲ. ಆದರೆ ಆ ಅಡಿಕೆಯ ಲೆಕ್ಕದಲ್ಲಿ ಅವರಿಗೆ ನಿಜವಾಗಿಯೂ ಆಸಕ್ತಿಯಿತ್ತು. ನೀವೂ ರೋಗಿಯ ಹಾಸಿಗೆಯ ಬಳಿ ನಗುವನ್ನು ಹುಡುಕುತ್ತಾ ನಿಲ್ಲಬೇಡಿ. ಅವನ ಮೇಲೆ ಗಮನವಿಡಿ. ಊರು ಯಾವುದು, ರಾಗಿ ಕೊಯ್ಲು ಮುಗಿಯಿತೇ, ಮೊಮ್ಮಗಳು ಎಷ್ಟನೆಯ ಕ್ಲಾಸು ಎಂದು ಕೇಳಿ, ಉತ್ತರ ಮುಗಿಯುವವರೆಗೆ ನಿಂತುಕೊಳ್ಳಿ. ಪ್ರಸನ್ನತೆ ತಾನಾಗಿ ಮುಖಕ್ಕೆ ಬರುತ್ತದೆ. ಬಂದವರನ್ನು ಕ್ಷೇಮವೇ ಎಂದು ಕೇಳಿದರೆ ನಿಮ್ಮ ಸಿರಿಯೇನು ಹಾರಿಹೋಗುವುದೇ, ಕುಳಿತುಕೊಳ್ಳಿ ಎಂದರೆ ನೆಲವೇನು ಕುಳಿಬೀಳುವುದೇ ಎಂದು ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಕೇಳಿದ್ದೂ ಇಷ್ಟನ್ನೇ.

ಇನ್ನೊಂದು ಎಚ್ಚರಿಕೆ. ಪ್ರಸನ್ನತೆಯೆಂದರೆ ಸುಳ್ಳು ಭರವಸೆಯಲ್ಲ. “ಏನೂ ಆಗಿಲ್ಲ, ನಾಳೆಯೇ ಎದ್ದು ಓಡಾಡುತ್ತೀರಿ” ಎಂದು ರೋಗಿಯ ಭಯವನ್ನು ಹಗುರ ಮಾಡಿ ಮಾತನಾಡುವವರನ್ನು ನೈಟಿಂಗೇಲ್ ಸಹಿಸುತ್ತಿರಲಿಲ್ಲ. ಅಂಥ ಮಾತಿನಿಂದ ರೋಗಿ ಇನ್ನಷ್ಟು ಒಂಟಿಯಾಗುತ್ತಾನೆ. ಒಂದು ಸಂಜೆ ಆ ಅಜ್ಜಿ, “ನಾನು ಊರಿಗೆ ಹೋಯ್ತೀನಾ, ಇಲ್ಲೇ ಹೋಯ್ತೀನಾ?” ಎಂದು ಕೇಳಿದರು. ಸಿಸ್ಟರ್ ಸ್ಟೂಲು ಎಳೆದುಕೊಂಡು ಕುಳಿತು, “ನಾಳೆ ದೊಡ್ಡ ಡಾಕ್ಟರು ಬರುವಾಗ ನಾನು ನಿನ್ನ ಪಕ್ಕದಲ್ಲೇ ಇರುತ್ತೇನೆ. ಇಬ್ಬರೂ ಸೇರಿ ಕೇಳೋಣ” ಎಂದರು. ಮರುದಿನ ಅವರ ಪಾಳಿ ಮಧ್ಯಾಹ್ನದ್ದು. ಬೆಳಿಗ್ಗೆ ರೌಂಡ್ಸಿನ ಹೊತ್ತಿಗೆ ಅವರು ಅಲ್ಲಿದ್ದರು.

ಸಮಯವಾಯಿತೆಂದು ಸಂಘಟಕರು ಚೀಟಿ ಕಳುಹಿಸಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ನಗುಮುಖ ರೋಗಿಗೆ ಸಲ್ಲಬೇಕಾದದ್ದು, ಕೈ ಎತ್ತುವವನಿಗಲ್ಲ. ಯಾರಾದರೂ ನಿಮ್ಮನ್ನು ಬೈದರೆ, ಹೊಡೆಯಲು ಬಂದರೆ, ಮುಗುಳ್ನಗುತ್ತಾ ನಿಲ್ಲಬೇಕಾಗಿಲ್ಲ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಯನ್ನು ತಡೆಯಲು ಕರ್ನಾಟಕದಲ್ಲಿ 2009ರ ಕಾಯ್ದೆಯಿದೆ, ದಾದಿಯರೂ ಅದರ ರಕ್ಷಣೆಗೆ ಒಳಪಟ್ಟಿದ್ದಾರೆ.

ಎರಡನೆಯದಾಗಿ, ಒಂದು ದಿನದ ಬೇಸರ ಬೇರೆ, ವಾರಗಟ್ಟಲೆ ಇಳಿಯದ ಖಿನ್ನತೆ ಬೇರೆ. ನಲ್ಲಿ ನಿಲ್ಲಿಸಿದರೂ ಮನಸ್ಸು ನಿಲ್ಲದಿದ್ದರೆ ಅದನ್ನು ನಗುವಿನಿಂದ ಮುಚ್ಚಬೇಡಿ, 14416ಕ್ಕೆ ಕರೆ ಮಾಡಿ. ನಿಮ್ಹಾನ್ಸ್‌ನ ಮಾರ್ಗದರ್ಶನದಲ್ಲಿ 2022ರಿಂದ ನಡೆಯುತ್ತಿರುವ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ಕನ್ನಡದಲ್ಲಿಯೇ ಮಾತನಾಡಬಹುದು, ಶುಲ್ಕವಿಲ್ಲ.

ಕೊನೆಯ ಮಾತು ವಿದ್ಯಾರ್ಥಿಗಳಿಗಲ್ಲ, ಆಸ್ಪತ್ರೆಯ ಆಡಳಿತ ನಡೆಸುವವರಿಗೆ. “ನಗುತ್ತಾ ಸೇವೆ ಮಾಡಿ” ಎಂಬ ಬೋರ್ಡು ತೂಗುಹಾಕಿ, ಒಬ್ಬಳೇ ದಾದಿಗೆ ಎರಡು ವಾರ್ಡು ವಹಿಸಿದರೆ, ಅವಳ ಮುಖದಲ್ಲಿ ಉಳಿಯುವುದು ನಾನು ಆಗ ಹೇಳಿದ ಮೇಲುನಟನೆ ಮಾತ್ರ. ರೋಗಿಯ ಎದುರು ಪ್ರಸನ್ನವಾಗಿರಬೇಕಾದವಳಿಗೆ ಆ ಪ್ರಸನ್ನತೆಯನ್ನು ಸ್ವಲ್ಪ ಹೊತ್ತು ಕೆಳಗಿಡಲು ಜಾಗ ಬೇಕು; ಅದು ಲಿನನ್ ಕೋಣೆಯಾಗಬಾರದು. ನಿಮ್ಮ ಹೊಸ ಆಸ್ಪತ್ರೆ ಕಟ್ಟಡದ ನಕ್ಷೆ ಇನ್ನೂ ಅಂತಿಮವಾಗಿಲ್ಲವೆಂದು ಪ್ರಾಂಶುಪಾಲರು ಚಹಾದ ವೇಳೆ ತಿಳಿಸಿದರು. ಪ್ರತಿ ಮಹಡಿಯಲ್ಲಿಯೂ ದಾದಿಯರಿಗಾಗಿ ಒಳಗಿನಿಂದ ಚಿಲಕವಿರುವ ಒಂದು ಕೋಣೆಯನ್ನು ಅದರಲ್ಲಿ ಸೇರಿಸಬೇಕೆಂಬ ಮನವಿಯನ್ನು ಬರೆದು ತಂದಿದ್ದೇನೆ. ಸಭೆಯ ಎದುರಿನಲ್ಲಿಯೇ ಅದನ್ನು ಅವರ ಕೈಗೆ ಕೊಡುತ್ತಿದ್ದೇನೆ.

ಎಲ್ಲರಿಗೂ ನಮಸ್ಕಾರ.