ಮುಖ ಗೊತ್ತು, ಹೆಸರು ಗೊತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಇವತ್ತು ಶೂಟಿಂಗ್ ಇಲ್ಲ, ಮೇಕಪ್ಪೂ ಇಲ್ಲ. ಸೋಮವಾರಪೇಟೆ ಹತ್ತಿರ ನಮ್ಮ ಮನೆ ಕಣದಲ್ಲಿ ಕಾಫಿ ಒಣಗುತ್ತಿದೆ. ಕ್ಯಾಮೆರಾ ಹಿಡಿದಿರುವುದು ಮಗಳು, ಅದಕ್ಕೇ ಸ್ವಲ್ಪ ಅಲುಗಾಡುತ್ತದೆ.

ಫೇಮಸ್ ಆದರೆ ಹೇಗಿರುತ್ತದೆ ಅಂತ ತುಂಬ ಜನ ಕೇಳುತ್ತಾರೆ. ಅದನ್ನು ಹೀರೋಗಳನ್ನೇ ಕೇಳಬೇಕು. ನಾನು ಪೋಷಕ ನಟ. ಹೀರೋಯಿನ್ ಅಣ್ಣ, ಇನ್‌ಸ್ಪೆಕ್ಟರ್, ಇಲ್ಲಾಂದ್ರೆ ವಿಲನ್ ಪಕ್ಕದಲ್ಲಿ ಕೈಕಟ್ಟಿ ನಿಲ್ಲುವವನು. ಜನರಿಗೆ ನನ್ನ ಮುಖ ಗೊತ್ತು, ಎಲ್ಲಿ ನೋಡಿದ್ದು ಅಂತ ಗೊತ್ತಿಲ್ಲ. ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹಿರಿಯರು ತುಂಬ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಹತ್ತಿರ ಬಂದು, "ನೀವು ಮೊದಲು ಕುಶಾಲನಗರ ಬ್ಯಾಂಕಲ್ಲಿದ್ರಿ ಅಲ್ವಾ?" ಎಂದರು. ಸುಮ್ನೆ ಹೌದು ಅಂದುಬಿಟ್ಟೆ. ಬಸ್ ಬರುವವರೆಗೂ ಅವರ ಬೆಳೆಸಾಲದ ಕತೆ ಕೇಳಿದೆ.

ಗಾಂಧಿನಗರದಲ್ಲಿ ಕೊಡಗಿನವನು ಅಂದ ಕೂಡಲೇ ಮಿಲಿಟರಿ ಆಫೀಸರ್ ಪಾತ್ರ ಎತ್ತಿಡುತ್ತಾರೆ. ತಪ್ಪು ಅವರದಲ್ಲ ಬಿಡಿ. ಭಾರತೀಯ ಸೇನೆಯ ಮೊದಲ ಭಾರತೀಯ ದಂಡನಾಯಕ ಕಾರ್ಯಪ್ಪನವರು 1899ರಲ್ಲಿ ಹುಟ್ಟಿದ್ದು ಇಲ್ಲೇ ಪಕ್ಕದ ಶನಿವಾರಸಂತೆಯಲ್ಲಿ. ಜನರಲ್ ತಿಮ್ಮಯ್ಯನವರು ಮಡಿಕೇರಿಯವರು. ಆದರೆ ನಮ್ಮ ಮನೆಯಿಂದ ಯಾರೂ ಸೇನೆಗೆ ಹೋದವರಿಲ್ಲ. ನಾವು ಕೊಡವರೂ ಅಲ್ಲ, ಮನೆಮಾತು ಕನ್ನಡ. ಇದನ್ನು ಹೇಳಿದಾಗ ಒಬ್ಬ ಡೈರೆಕ್ಟರ್ ಮುಖ ಸಣ್ಣಗಾಯಿತು. "ಹಾಗಾದ್ರೆ ಮನೇಲಿ ಕೋವಿನೂ ಇಲ್ವಾ ಸಾರ್?"

ಇನ್ನೊಂದು ತಮಾಷೆ ಮಳೆಯದ್ದು. ಕೊಡಗಿನ ಮಳೆ ಬೇಕು ಅಂತ ಯೂನಿಟ್ಟಿನವರು ಜುಲೈನಲ್ಲಿ ಇಲ್ಲಿಗೆ ಬರುತ್ತಾರೆ. ಹೊರಗೆ ಧೋ ಅಂತ ಸುರಿಯುತ್ತಿರುತ್ತದೆ. ಮಾನಿಟರಿನಲ್ಲಿ ನೋಡಿದರೆ ಮಳೆಯೇ ಇಲ್ಲ! ಹನಿ ಕಾಣಬೇಕಾದರೆ ಅದರ ಹಿಂದಿನಿಂದ ಲೈಟ್ ಬೀಳಬೇಕು. ಮೋಡ ಕವಿದ ಬೆಳಕಿನಲ್ಲಿ ಎಲ್ಲವೂ ಬೂದಿ ಬಣ್ಣ. ಹಾಗಾಗಿ ಮಳೆ ನಿಲ್ಲಲಿ ಅಂತ ಕಾಯುತ್ತಾರೆ. ನಿಂತ ಮೇಲೆ ಟ್ಯಾಂಕರ್ ನೀರು ತರಿಸಿ, ಪೈಪಿನಲ್ಲಿ ದಪ್ಪ ಹನಿ ಬೀಳುವ ಹಾಗೆ ಬಿಡುತ್ತಾರೆ. ಅದು ಮೊದಲೇ ತಣ್ಣಗೆ ಕೊರೆಯುವ ನೀರು. ಒಂದು ಟೇಕ್ ಆದ ಮೇಲೆ ಟವಲ್, ಬಿಸಿ ಕಾಫಿ, ಮತ್ತೆ ಅದೇ ಒದ್ದೆ ಶರ್ಟ್. ಭುಜದ ಮೇಲಿನ ಕೆಸರು ಹೋದ ಶಾಟಿನಲ್ಲಿ ಇದ್ದ ಜಾಗದಲ್ಲೇ ಇರಬೇಕು. ಅದಕ್ಕೆ ಅಸಿಸ್ಟೆಂಟ್ ಹುಡುಗ ಮೊಬೈಲಿನಲ್ಲಿ ಫೋಟೋ ನೋಡಿಕೊಂಡು, ಬೆರಳಿನಿಂದ ಅದೇ ಆಕಾರಕ್ಕೆ ಕೆಸರು ಮೆತ್ತುತ್ತಾನೆ. ಆ ಹುಡುಗನ ಶ್ರದ್ಧೆ ನೋಡಿದರೆ ನನಗೆ ನಟನೆಗಿಂತ ಅವನ ಕೆಲಸವೇ ದೊಡ್ಡದು ಅನಿಸುತ್ತದೆ.

ದುಡ್ಡಿನ ವಿಷಯ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ನಮ್ಮಂಥವರಿಗೆ ದಿನದ ಲೆಕ್ಕ. ಅಡ್ವಾನ್ಸ್ ಬರುತ್ತದೆ, ಬಾಕಿ ಎಳೆದಾಡುತ್ತದೆ. ಡಬ್ಬಿಂಗಿಗೆ ಮೊದಲೇ ಬಾಕಿ ಇಸ್ಕೊಳ್ಳಬೇಕು. ದನಿ ಕೊಟ್ಟ ಮೇಲೆ ನಮ್ಮ ಫೋನ್ ಯಾರು ಎತ್ತುತ್ತಾರೆ? ಒಂದು ಸಿನಿಮಾದವರು ನಾನು ಬಾಕಿ ಕೇಳಿದ್ದಕ್ಕೆ ಬೇರೆಯವರಿಂದ ಡಬ್ ಮಾಡಿಸಿದರು. ಅಮ್ಮನನ್ನು ಥಿಯೇಟರಿಗೆ ಕರೆದುಕೊಂಡು ಹೋಗಿದ್ದೆ. ಪರದೆ ಮೇಲೆ ನನ್ನ ಬಾಯಿ, ಇನ್ಯಾರದೋ ದನಿ. ಅಮ್ಮ ಪೂರ್ತಿ ನೋಡಿ, ಹೊರಗೆ ಬಂದ ಮೇಲೆ ಮೆಲ್ಲಗೆ ಕೇಳಿದರು. "ಆವಾಗ ನಿಂಗೆ ಶೀತ ಆಗಿತ್ತಾ ಮಗಾ?"

ಕಾಫಿ ದುಡ್ಡೂ ವರ್ಷಕ್ಕೊಮ್ಮೆಯೇ. ಆದರೆ ಮೂಟೆ ನಮ್ಮ ಮನೆಯಲ್ಲಿರುತ್ತದೆ. ರೇಟ್ ಸರಿ ಬರಲಿಲ್ಲ ಅಂದರೆ ಕೊಡದೆ ಕೂರಬಹುದು. ಈ ಧೈರ್ಯ ಇರುವುದರಿಂದಲೇ ಇಷ್ಟು ವರ್ಷ ಬೇಡದ ಪಾತ್ರಗಳಿಗೆ ಬೇಡ ಅನ್ನಲು ಆಗಿದೆ. ತೋಟ ಇಲ್ಲದ ಎಷ್ಟೋ ಗೆಳೆಯರು, ನನಗಿಂತ ಚೆನ್ನಾಗಿ ನಟಿಸುವವರು, ಬಾಡಿಗೆ ಕಟ್ಟುವುದಕ್ಕಾಗಿ ಸಿಕ್ಕಿದ್ದನ್ನೆಲ್ಲ ಒಪ್ಪಿಕೊಂಡರು. ಇದು ಪ್ರತಿಭೆಯ ಮಾತಲ್ಲ, ಅಪ್ಪ ನೆಟ್ಟ ಗಿಡಗಳ ಮಾತು.

ಈ ಮುಖ ನಿಜಕ್ಕೂ ಉಪಯೋಗಕ್ಕೆ ಬಂದದ್ದು 2018ರ ಆಗಸ್ಟಿನಲ್ಲಿ. ಗುಡ್ಡಗಳು ಜರಿದು ಜನ ಮನೆ ಬಿಟ್ಟು ಪರಿಹಾರ ಕೇಂದ್ರಗಳಲ್ಲಿದ್ದರು. ಅಕ್ಕಿ ಬೇಕಾದಷ್ಟು ಬರುತ್ತಿತ್ತು, ಒಳ ಉಡುಪು, ಸ್ಯಾನಿಟರಿ ಪ್ಯಾಡ್, ಮಕ್ಕಳ ಔಷಧಿ ಇರಲಿಲ್ಲ. ಹೆಂಗಸರು ಅದನ್ನು ಕೇಳಲು ಸಂಕೋಚಪಡುತ್ತಿದ್ದರು. ನನ್ನ ಹೆಂಡತಿ ಪಟ್ಟಿ ಮಾಡಿಕೊಟ್ಟಳು, ನಾನು ಮೊಬೈಲ್ ಮುಂದೆ ನಿಂತು ಓದಿದೆ. ಆ ವಿಡಿಯೋ ಎಲ್ಲೆಲ್ಲೋ ಹೋಯಿತು. ಮೈಸೂರು ಕಡೆಯಿಂದ ವ್ಯಾನ್ ತುಂಬ ಸಾಮಾನು ತಂದ ಹುಡುಗರು ನನ್ನನ್ನು ಕಂಡು, "ಸಾರ್, ನೀವು ಆ ಸೀರಿಯಲ್ ಇನ್‌ಸ್ಪೆಕ್ಟರ್ ತಾನೇ?" ಎಂದರು. ಹೆಸರು ಅವರೂ ಕೇಳಲಿಲ್ಲ. ಮೂಟೆ ಇಳಿಸೋದಕ್ಕೆ ಕೈಜೋಡಿಸಿದೆವು, ಅಷ್ಟೇ.

ಈಗ ಕ್ಯಾಮೆರಾ ಹಿಡಿದಿದ್ದಾಳಲ್ಲ, ಇವಳಿಗೂ ನಟಿಸುವ ಆಸೆಯಂತೆ. ನಾನು ಬೇಡ ಅನ್ನಲಿಲ್ಲ. ನಾಟಕದ ತಂಡ ಸೇರು, ಡೈಲಾಗ್ ಸ್ಪಷ್ಟವಾಗಿ ಹೇಳುವುದನ್ನು ಕಲಿ, ಬಾಕಿ ಕೈಗೆ ಬರದೆ ಡಬ್ಬಿಂಗ್ ರೂಮಿಗೆ ಕಾಲಿಡಬೇಡ ಅಂತ ಹೇಳಿದ್ದೇನೆ. ಅವಳ ಅಮ್ಮ ಮಾತ್ರ ಅಡುಗೆಮನೆಯಿಂದಲೇ ಕೂಗಿ ಹೇಳಿದಳು, ಮೊದಲು ಅಕೌಂಟೆನ್ಸಿ ಪಾಸಾಗಲಿ ಅಂತ.